ಹೊಲಿಗೆಯ ನಡುವೆ ಎದ್ದುಹೋಗುತ್ತಿದ್ದ ರೂತಬಾಯಿ

ಮಸೀದಿಯಿಂದ ಇಳಿಹೊತ್ತಿನ ಬಾಂಗು ಕೇಳಿಸಿತೆಂದರೆ ರೂತಬಾಯಿಯವರ ಹೊಲಿಗೆ ಮಶಿನ್ ನಿಂತುಬಿಡುತ್ತಿತ್ತು. ಸೂಜಿ ಬಟ್ಟೆಯೊಳಗೇ ಸಿಕ್ಕಿರಲಿ, ತೋಳು ಅರ್ಧ ಕೂಡಿರಲಿ, ಎದುರಿಗೆ ಯಾರೇ ನಿಂತಿರಲಿ, ಅವರು ಕಾಲುಹಲಗೆಯ ಮೇಲಿಂದ ಪಾದ ತೆಗೆದು, ಸೆರಗಿನಿಂದ ಮುಖ ಒರೆಸಿಕೊಂಡು ಹಿತ್ತಲಿಗೆ ನಡೆದುಬಿಡುತ್ತಿದ್ದರು. ಅಲ್ಲೊಂದು ನಿಂಬೆಗಿಡ, ಅದರ ನೆರಳಿಗೆ ಬಟ್ಟೆ ಒಗೆಯುವ ಕಲ್ಲು. ಆ ಕಲ್ಲಿನ ಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರೆಂದರೆ ಯಾರು ಕರೆದರೂ ಓಗೊಡುತ್ತಿರಲಿಲ್ಲ.

ಅವರು ಕ್ರೈಸ್ತರು. ಇಂಡಿಯಲ್ಲಿ ಆಗ ಅವರ ಪೈಕಿ ಬೇರೆ ಮನೆಗಳನ್ನು ನಾನು ಕಂಡಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಬಿಜಾಪುರದಿಂದ ಒಬ್ಬ ಪಾದ್ರಿಗಳು ಬಸ್ಸಿನಲ್ಲಿ ಬಂದು, ಇವರೊಂದಿಗೆ ಹಾಡಿ ಪ್ರಾರ್ಥನೆ ಮಾಡಿ, ಚಹಾ ಕುಡಿದು ಹೋಗುತ್ತಿದ್ದರು. ಬಾಂಗು ಕೇಳಿ ಯೇಸುವಿನ ಧ್ಯಾನಕ್ಕೆ ಕೂಡುವ ಇವರ ರೀತಿ ಓಣಿಯವರಿಗೆ ನಗೆಯ ವಿಷಯ. ಒಮ್ಮೆ ನನ್ನ ಗಂಡನೇ ಕೇಳಿದ್ದರು, "ಬಾಂಗು ಅವರದು, ದೇವರು ನಿಮ್ಮಾಂವ. ಇದ್ಯಾವ ಪದ್ಧತಿರಿ ಬಾಯಾರ?"

"ನಮ್ಮ ಗುಡಿ ಗಂಟಿ ಬಿಜಾಪುರದಾಗ ಐತ್ರಿ, ಇಲ್ಲೀತನಾ ಕೇಳಸೂದಿಲ್ಲ. ಇವರು ದಿನಾ ಪುಕ್ಕಟ ನೆನಪ ಮಾಡಿ ಕೊಡ್ತಾರ. ಬ್ಯಾಡ ಅನ್ನಲೇನು?" ಎಂದು ನಕ್ಕಿದ್ದರು ರೂತಬಾಯಿ.

ನಾನು ಬಾಗೇವಾಡಿಯಿಂದ ಇಂಡಿಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ನಮ್ಮ ಹಿತ್ತಿಲಿಗೂ ಅವರ ಹಿತ್ತಿಲಿಗೂ ನಡುವೆ ಎದೆಯೆತ್ತರದ ಒಂದು ಮಣ್ಣಿನ ಗೋಡೆ. ಅವರ ಗಂಡ ಲಾರಿ ಓಡಿಸುತ್ತಿದ್ದವರು, ಝಳಕಿಯ ಹತ್ತಿರ ರಸ್ತೆಯಲ್ಲಿ ಅಪಘಾತವಾಗಿ ತೀರಿಕೊಂಡಿದ್ದರು. ಗದಗಿನ ಕಡೆಯ ತವರಿನವರು ಕರೆದರೂ ಇವರು ಹೋಗಲಿಲ್ಲವಂತೆ. ಕಿವಿ ಕೇಳಿಸದ ಮುದಿ ಅತ್ತೆಯನ್ನು ಬಿಟ್ಟು ಎಲ್ಲಿಗೆ ಹೋಗುವುದು? ಮಗಳು ಸುಗುಣಾ ಮಿರಜದಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ಮನೆಯಲ್ಲಿ ಅತ್ತೆ, ಸೊಸೆ ಮತ್ತು ಆ ಹೊಲಿಗೆ ಮಶಿನ್.

ನಮ್ಮ ಅತ್ತೆ ರೂತಬಾಯಿಯವರನ್ನು ಪಡಸಾಲೆಯಿಂದ ಒಳಗೆ ಬಿಟ್ಟುಕೊಂಡವರಲ್ಲ. ಕುಬಸ ಹೊಲಿಸುವುದು ಅವರ ಕೈಯಲ್ಲೇ, ಆದರೆ ನೀರು ಕೊಡುವುದು ಬೇರೆ ಲೋಟದಲ್ಲಿ. ರೂತಬಾಯಿ ಆ ಲೋಟವನ್ನು ತಾವೇ ತೊಳೆದು ಗೂಟದ ಕೆಳಗೆ ಬೋರಲು ಹಾಕಿ ಹೋಗುತ್ತಿದ್ದರು.

ಅವರ ಆ ಹಿತ್ತಲಿನ ಹೊತ್ತು ಎಷ್ಟು ಗಟ್ಟಿಯೆಂಬುದು ನನಗೆ ತಿಳಿದದ್ದು ಸಾಹುಕಾರರ ಹೆಂಡತಿ ಬಂದ ದಿನ. ಆಕೆ ಸಿಂದಗಿಯಲ್ಲಿ ತಂಗಿಯ ಮನೆಯ ಸೀಮಂತಕ್ಕೆ ಹೊರಟಿದ್ದರು. ಹೊಸ ಜಂಪರಿಗೆ ಒಂದು ತೋಳು ಕೂಡಿಸುವುದಷ್ಟೇ ಉಳಿದಿತ್ತು. ನಾನು ಹೊಲಿಗೆ ಕಲಿಯಲೆಂದು ಪಕ್ಕದಲ್ಲೇ ಕೂತಿದ್ದೆ. ಬಾಂಗು ಶುರುವಾಯಿತು. ರೂತಬಾಯಿ ಎದ್ದರು.

"ಏಯ್ ರೂತಬಾಯಿ, ಎಲ್ಲಿಗಿ? ನನ್ನ ಬಸ್ಸು ತಪ್ಪತೈತಿ!"

"ಒಂದೀಟು ಕುಂದರ್ರಿ ಅಕ್ಕಾರ, ಬಂದೆ."

"ನಿನ್ನ ದೇವರಿಗಿ ಒಂದಿನಾ ತಡಾ ಆದ್ರ ಏನ್ ಸಿಟ್ಟಾಗ್ತಾನೇನು?"

"ಸಿಟ್ಟಾಗೂದಿಲ್ರಿ. ಸುಮ್ಮನ ಕಾಯ್ಕೋತ ಕುಂದರ್ತಾನ. ಅದನ್ನ ನನಗ ತಡಕೊಳ್ಳಾಕ ಆಗೂದಿಲ್ಲ."

ಸಾಹುಕಾರರ ಹೆಂಡತಿ ಜಂಪರನ್ನು ಮಶಿನ್ನಿನಿಂದ ಕಿತ್ತುಕೊಂಡು, ಒಂದು ತೋಳಿಲ್ಲದೆಯೇ ಸುತ್ತಿಕೊಂಡು ಹೋದರು. ಆಮೇಲೆ ಅವರ ಮನೆಯ ಬಟ್ಟೆ ಬರಲಿಲ್ಲ. ಅವರ ಓಣಿಯ ಉಳಿದ ಮನೆಗಳ ಬಟ್ಟೆಗಳೂ ಒಂದೊಂದಾಗಿ ನಿಂತವು. "ಅದೊಂದು ತೋಳು ಕೂಡಿಸಿ ಹೋಗಿದ್ರ ಏನಾಗ್ತಿತ್ರಿ?" ಎಂದು ಕೇಳಿದೆ.

ರೂತಬಾಯಿ ಹೇಳಿದರು, "ಇವತ್ತ ತೋಳು ಅಂತೀ. ನಾಳೆ ಕಾಲರು ಅಂತೇನಿ. ನಾಡದ್ದ ಗುಂಡಿ. ಆಮ್ಯಾಲ ಆ ಕಲ್ಲಿನ ಮ್ಯಾಲ ಅರಿವಿ ಅಷ್ಟ ಒಣಗ್ತಾವು, ನಾ ಇರೂದಿಲ್ಲ. ಹೊತ್ತು ಸಿಗೂದಲ್ಲವ್ವಾ ಶಾಂತಾ. ಇದ್ದ ಕೆಲಸದಾಗಿಂದ ಹರಕೋಬೇಕು."

ಮದುವೆಯ ಎರಡನೆಯ ವರ್ಷ ನನ್ನ ಚೊಚ್ಚಲ ಬಸುರು ನಿಲ್ಲಲಿಲ್ಲ. ತವರಿನಲ್ಲಿ ಕೆಲವು ದಿನ ಇದ್ದು ಇಂಡಿಗೆ ತಿರುಗಿ ಬಂದಾಗ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ರೊಟ್ಟಿ ಬಡಿಯುವುದು, ಮುಸುರೆ ತಿಕ್ಕುವುದು, ನೀರು ತರುವುದು ಹಿಂದಿನಂತೆಯೇ ನಡೆದವು. ಒಂದು ಇಳಿಹೊತ್ತು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದವಳು ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟೆ. ಆಚೆ ಕಲ್ಲಿನ ಮೇಲೆ ರೂತಬಾಯಿ ಕೂತಿದ್ದರು. ನನ್ನ ಬಿಕ್ಕು ಕೇಳಿಸಿರಬೇಕು. ಯಾರು ಕರೆದರೂ ಏಳದವರು ಅಂದು ಎದ್ದು ಬಂದರು. ಗೋಡೆಯ ಮೇಲಿಂದ ನನ್ನ ಕೈ ಹಿಡಿದರು.

ನಾನು ಸಿಟ್ಟಿನಿಂದಲೇ ಕೇಳಿದೆ, "ನಿಮ್ಮ ದೇವರು ಬೇಕಾದ್ದು ಕೊಡ್ತಾನ ಅಂತೀರಿ. ಕೊಟ್ಟಾಂವ ಮತ್ಯಾಕ ಕಸಗೊಂಡಾ?"

ಪಾದ್ರಿಗಳಂತೆ ಏನಾದರೂ ಸಮಾಧಾನ ಹೇಳುತ್ತಾರೆಂದುಕೊಂಡಿದ್ದೆ. ಅವರು ತಲೆಯಾಡಿಸಿದರು.

"ಗೊತ್ತಿಲ್ಲ ಮಗಳ. ನಮ್ಮವರು ಹ್ವಾದಾಗ ನಾನೂ ಇದನ್ನ ಕೇಳಿದ್ನಿ. ಇದ ಕಲ್ಲಿನ ಮ್ಯಾಲ ಕುಂತು, ಬಾಯಿಗಿ ಬಂದಂಗ ಬೈದು ಕೇಳಿದ್ನಿ. ಉತ್ತರ ಬರಲಿಲ್ಲ. ಆದ್ರ ಮರುದಿನಾ ಮುಂಜಾನೆ ಒಲಿ ಹಚ್ಚಾಕ ಕೈ ಎದ್ದವು. ಏಳಬಾರದಿತ್ತು, ಎದ್ದವು. ಅದನ್ನ ಅಂವನ ಕೊಟ್ಟಾ ಅಂತ ತಿಳಕೊಂಡೇನಿ. ಈಗೂ ಕೇಳೂದು ಬಿಟ್ಟಿಲ್ಲ."

ಅಂದಿನಿಂದ ಸಾಧ್ಯವಾದಾಗಲೆಲ್ಲ ಆ ಹೊತ್ತಿಗೆ ನಾನೂ ಗೋಡೆಯ ಈಚೆ ಒಂದು ಬುಟ್ಟಿ ಬೋರಲು ಹಾಕಿ ಕೂಡುತ್ತಿದ್ದೆ. ಅವರು ಆಚೆ, ನಾನು ಈಚೆ. ಅವರು ಯೇಸುಸ್ವಾಮಿಯನ್ನು ನೆನೆಯುತ್ತಿದ್ದರು; ನಾನು ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನಿರುತ್ತಿದ್ದೆ. ನಮ್ಮ ದೇವರ ಕಡೆ ಬಾ ಎಂದು ಅವರು ಎಂದೂ ಅನ್ನಲಿಲ್ಲ. ಮೊದಮೊದಲು ಬರೀ ಅಳು ಬರುತ್ತಿತ್ತು. ಬರಬರುತ್ತ ಆ ಹೊತ್ತಿಗಾಗಿ ಮುಂಜಾನೆಯಿಂದ ಕಾಯತೊಡಗಿದೆ.

ಆಮೇಲೆ ಆ ದೊಡ್ಡ ಬರ ಬಂತು. ಉಣ್ಣಲಿಕ್ಕೇ ಇಲ್ಲದವರು ಕುಬಸ ಏಕೆ ಹೊಲಿಸುತ್ತಾರೆ? ರೂತಬಾಯಿಯವರ ಮಶಿನ್ನಿನ ಮೇಲೆ ಹೊದಿಕೆ ಬಿತ್ತು. ಕಣ್ಣು ಒಳಗೆ ಹೋದವು, ಬಳೆಗಳು ಮೊಣಕೈಯವರೆಗೆ ಸರಿಯತೊಡಗಿದವು. ಆದರೆ ಇಳಿಹೊತ್ತಿಗೆ ಕಲ್ಲಿನ ಮೇಲೆ ಅವರು ಇದ್ದೇ ಇರುತ್ತಿದ್ದರು.

ಒಂದು ಮಧ್ಯಾಹ್ನ ಸೂಜಿ ಕೇಳಲು ಹೋದೆ. ಒಲೆಯ ಮೇಲೆ ಗಡಿಗೆ, ಕೆಳಗೆ ಕಟ್ಟಿಗೆಯ ಉರಿ. ಮುದಿ ಅತ್ತೆ ಗೋಡೆಗೆ ಒರಗಿ ಗಡಿಗೆಯನ್ನೇ ನೋಡುತ್ತ ಕೂತಿದ್ದರು. ಬಗ್ಗಿ ನೋಡಿದರೆ ಬರೀ ನೀರು.

"ಏನ್ ಮಾಡಾಕತ್ತೀರಿ ಬಾಯಾರ?"

"ಎಸರಿಟ್ಟೇನವ್ವಾ."

"ನುಚ್ಚು ಎಲ್ಲೈತ್ರಿ?"

"ಬರ್ತೈತಿ," ಎಂದು ಅವರು ಉರಿ ಮುಂದೆ ತಳ್ಳಿದರು.

ಆ ಮಾತಿನಲ್ಲಿ ಹಠವಿರಲಿಲ್ಲ, ನಾಟಕವಿರಲಿಲ್ಲ. ಬಸ್ಸು ಬರುತ್ತದೆ ಎಂದಂತೆ ಹೇಳಿದರು. ಮನೆಗೆ ಓಡಿ ಬಂದು ಜೋಳದ ನುಚ್ಚನ್ನು ಬೋಗುಣಿಗೆ ಹಾಕಿ ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೆ. ಬಾಗಿಲಲ್ಲಿ ನಮ್ಮ ಅತ್ತೆ ನಿಂತಿದ್ದರು.

"ಏನ್ ಒಯ್ಯಾಕತ್ತಿ?"

ನಾನು ಸೆರಗು ಸರಿಸಿದೆ. "ರೂತಬಾಯಾರ ಮನ್ಯಾಗ ಬರೀ ಎಸರಿಟ್ಟಾರ್ರಿ."

ಅತ್ತೆ ಬೋಗುಣಿಯನ್ನು ಕೈಯಿಂದ ತೆಗೆದುಕೊಂಡು ಒಳಗೆ ಹೋದರು. ಮುಗಿಯಿತು ಎಂದುಕೊಂಡೆ. ತಿರುಗಿ ಬಂದಾಗ ಬೋಗುಣಿ ಕಂಠದವರೆಗೆ ತುಂಬಿತ್ತು, ಮೇಲೊಂದು ಬೆಲ್ಲದ ಹೆಂಟೆ.

"ಅಲ್ಲಿ ಇಬ್ಬರದಾರ. ಆ ಮುದುಕಿಗಿ ಹಲ್ಲಿಲ್ಲ, ಮೆತ್ತಗ ಕುದಸು ಅಂತ ಹೇಳು," ಎಂದರು. ನಾನು ಬೆರಗಾಗಿ ಮುಖ ನೋಡುತ್ತಿರಲು, "ಅಕೀ ದೇವರು ಕಳಸ್ಯಾನೋ ನಮ್ಮ ಬಸವಣ್ಣ ಕಳಸ್ಯಾನೋ, ನೀ ಬಾಯಿ ಮುಚಗೊಂಡ ಒಯ್ಯಿ," ಎಂದು ಗದರಿದರು.

ಬೋಗುಣಿ ನೋಡಿ ರೂತಬಾಯಿ ಮೊದಲು ಕಣ್ಣು ಮುಚ್ಚಿದರು. ಆಮೇಲೆ ನಕ್ಕರು. "ಎಸರು ಇನ್ನೂ ಕುದ್ದಿಲ್ಲ, ಇಷ್ಟ ಲಗೂ ಬಂತಲ್ಲ!"

ನನಗೆ ರೇಗಿತು. "ನಾ ಸೂಜಿ ಕೇಳಾಕ ಬರದಿದ್ರ ಏನ್ ಮಾಡ್ತಿದ್ರಿ?"

"ಬಿಸಿನೀರ ಕುಡದು ಮಲಗ್ತಿದ್ವಿ. ನಾಳೆ ಮತ್ತ ಎಸರಿಡ್ತಿದ್ನಿ." ನುಚ್ಚು ಸುರಿಯುತ್ತ ಅವರ ಕೈ ಒಂದು ಗಳಿಗೆ ನಿಂತಿತು. "ಅಂಜಿಕಿ ಬರಲಿಲ್ಲ ಅಂತಲ್ಲ ಶಾಂತಾ. ಮುಂಜಾನಿಂದ ಎದಿ ಡವಡವ ಅನ್ನಾಕತ್ತಿತ್ತು. ಅಂಜಕೋತನ ಎಸರಿಟ್ನಿ." ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡರು.

ಮುಂದಿನ ವಾರವೇ ನಮ್ಮ ಅತ್ತೆ ಹಳೆಯ ಸೀರೆಗಳ ಗಂಟು ಹೊರಗೆ ತೆಗೆದು, ಕೌದಿ ಹೊಲಿ ಎಂದು ಅವರನ್ನು ಕರೆಸಿದರು. ಒಳಗೆ, ನಡುಮನೆಗೆ. ಕೂಲಿ ಎಂದು ಪಡಿ ಜೋಳ ಅಳೆದು ಕೊಟ್ಟರು. ಮಳೆ ಬರುವತನಕ ನಮ್ಮ ಮನೆಯಲ್ಲಿ ಎಷ್ಟೋ ಕೌದಿಗಳಾದವು. ಅಷ್ಟು ಕೌದಿ ಯಾರಿಗೆ ಬೇಕೆಂದು ನಾವ್ಯಾರೂ ಕೇಳಲಿಲ್ಲ.

ಅವರ ಅತ್ತೆ ತೀರಿಕೊಂಡ ಮೇಲೆ, ಸೊಲ್ಲಾಪುರದಲ್ಲಿ ಕೆಲಸ ಸಿಕ್ಕಿದ್ದ ಸುಗುಣಾ ಬಂದು ತಾಯಿಯನ್ನು ಕರೆದುಕೊಂಡು ಹೋದಳು. ಆ ಮನೆಗೆ ಬಂದ ಹೊಸ ಬಾಡಿಗೆಯವರು ಹಿತ್ತಿಲಲ್ಲಿ ಎಮ್ಮೆ ಕಟ್ಟಿದರು. ಇಳಿಹೊತ್ತಿಗೆ ನಾನು ಗೋಡೆಯ ಕಡೆ ಹೋಗುತ್ತಿದ್ದೆ. ಆಚೆ ಯಾರೂ ಇಲ್ಲದೆ ಕೂಡುವುದನ್ನು ಬಹಳ ದಿನ ನಡೆಸಲಾಗಲಿಲ್ಲ.

ಅವರು ತೀರಿಕೊಂಡ ಸುದ್ದಿ ನಮಗೆ ಮುಟ್ಟಿದ್ದು ತಡವಾಗಿ. ಅದಕ್ಕೆ ಮೊದಲು, ಅವರು ಇಂಡಿ ಬಿಟ್ಟು ಕೆಲವು ವರ್ಷಗಳಾದ ಮೇಲೆ, ಒಮ್ಮೆ ಅವರನ್ನು ಕಂಡಿದ್ದೆ. ನಮ್ಮ ಅಂಗಡಿಯ ಮಾಲು ತರಲು ಗಂಡ ಸೊಲ್ಲಾಪುರಕ್ಕೆ ಹೊರಟಾಗ ಹಟ ಮಾಡಿ ಜೊತೆಗೆ ಹೋದೆ. ಕಂಕುಳಲ್ಲಿ ನನ್ನ ಮಗಳಿದ್ದಳು. ಅವಳನ್ನು ಅವರಿಗೆ ತೋರಿಸಬೇಕಿತ್ತು. ಸುಗುಣಾಳ ಮನೆಯ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದ ರೂತಬಾಯಿ ನನ್ನನ್ನು ದಿಟ್ಟಿಸಿ ನೋಡಿದರು.

"ಅವ್ವನಿಗೆ ಮರವು ಬಂದೈತಿ, ಈಗ ಯಾರ ಗುರುತೂ ಸಿಗೂದಿಲ್ಲ ಅಕ್ಕಾ," ಎಂದಳು ಸುಗುಣಾ.

"ನಾನ್ರಿ ಬಾಯಾರ, ಇಂಡಿ ಶಾಂತಾ," ಎಂದೆ. ಅವರು ಸೌಜನ್ಯದಿಂದ ನಕ್ಕರು. ಹೆಸರು ಅವರೊಳಗೆ ಎಲ್ಲೂ ತಾಗಲಿಲ್ಲ. ಮಗುವಿನ ಪಾದವನ್ನು ಬೆರಳಿನಿಂದ ಮುಟ್ಟಿದರು, ಯಾರದೋ ಮಗುವನ್ನು ಮುಟ್ಟುವಂತೆ.

ಸ್ವಲ್ಪ ಹೊತ್ತಿಗೆ ಅವರು ಮೆಲ್ಲಗೆ ಒಂದು ಬದಿಗೆ ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ಸವರಿದರು.

"ಹೊತ್ತೈತೇನವ್ವಾ ನಿನಗ?"

ಬೀದಿಯ ತುದಿಯಲ್ಲಿ ಗಂಡ ಮೂಟೆಗಳೊಂದಿಗೆ ಟಾಂಗಾ ನಿಲ್ಲಿಸಿಕೊಂಡು ಕಾಯುತ್ತಿದ್ದರು.

"ಐತ್ರಿ," ಎಂದೆ.

ಕೂತೆ.