ಗಾಜಿನ ಪೆಟ್ಟಿಗ್ಯಾಗಿನ ಬೂದಿ

ಗೆಳೆಯರ, ಇವತ್ತು ನಾ ಕೆಲಸ ಮಾಡೋ ಮ್ಯೂಸಿಯಂನಾಗ ಹಿಂಗಾಯ್ತು.

ಸುರಪುರ ಕಡಿ ಬೂದಿ ದಿಬ್ಬದಾಗ ಅಗೆದು ತಂದ ಬೂದಿ ಗಾಜಿನ ಪೆಟ್ಟಿಗ್ಯಾಗ ಅದ. ಮುಚ್ಚಳ ತೆಗೆದು ಧೂಳ ಒರಸಾಕತ್ತಿದ್ದೆ. ಕೊಡೇಕಲ್ ಕಡಿಯಿಂದ ಬಂದಿದ್ದ, ಕುರಿ ಕಾಯೋ ಆಯಿ ಒಬ್ಬಾಕಿ ನಿಂತು "ಇದೇನಪ್ಪಾ?" ಅಂದ್ಳು.

"ಸಾವಿರಾರು ವರ್ಷದ ಹಿಂದ ಇಲ್ಲಿ ದನಾ ಸಾಕಿದವರು ದೊಡ್ಡಿ ಸೆಗಣಿ ಗುಡ್ಡಿ ಹಾಕಿ ಸುಡ್ತಿದ್ರು. ಅದರ ಬೂದಿ ಇದು" ಅಂದೆ.

"ಅಂದ್ರ ನಮ್ಮಂಗ ದನಾ-ಕುರಿ ಕಾದವರದು" ಅಂದಾಕಿ ಚಪ್ಪಲಿ ಬಿಟ್ಟು, ತಲಿ ಮ್ಯಾಲ ಸೆರಗು ಹೊದ್ದು, ಒಂದು ಚಿಟಿಕಿ ತಗೊಂಡು ಹಣಿಗಿ ಹಚಗೊಂಡೇ ಬಿಟ್ಟಳು.

"ಏ ಆಯಿ, ಮುಟ್ಟಬ್ಯಾಡ! ಅದು ದೇವರ ಇಬತ್ತಿ ಅಲ್ಲ, ಸೆಗಣಿ ಸುಟ್ಟ ಬೂದಿ!" ಅಂತ ಒದರಿದೆ.

ಆಕಿ ಸಿಟ್ಟಾಗ್ಲಿಲ್ಲ. ನನ್ನ ಹಣಿ ನೋಡಿ ಮೆಲ್ಲಕ ಕೇಳಿದ್ಳು: "ನೀ ಹಚಗೊಂಡಿದ್ದು ಮತ್ತ್ಯಾತರದು, ಯಪ್ಪಾ?"

ಮುಂಜಾನಿ ಪೂಜಿ ಮಾಡಿ ಮೂರು ಬೆರಳು ಇಬತ್ತಿ ಎಳಕೊಂಡು ಬಂದಿದ್ದೆ. ಅದೂ ಸೆಗಣಿ ಸುಟ್ಟು ಮಾಡಿದ್ದೇ. ಮುಚ್ಚಳ ಹಾಕಿದೆ.

ಪೆಟ್ಟಿಗ್ಯಾಗಿನ ಬೂದಿ ಒಂದು ಚಿಟಿಕಿ ಕಡಿಮಿ ಆಗ್ಯಾದ ಅಂತ ನಾಳಿ ಸಾಹೇಬರಿಗೆ ತಿಳಿಸಬೇಕು. ಎಲ್ಲಿ ಹೋಯ್ತು ಅಂತ ಕೇಳಿದ್ರ, ಅದರ ಜಾಗಾಕ ಹೋಗ್ಯಾದರಿ ಅಂತೀನಿ.