ಅಕ್ಕೋರ ದನಿ

ಅಕ್ಕನ ಮಗಳು ಅಂಗನವಾಡಿ ಬಿಟ್ಟು ಮನೆಯಲ್ಲಿ ಕೂತದ್ದಕ್ಕೆ ಕಾರಣ ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೇಳಿದ ದನಿಯನ್ನೆಲ್ಲ ಹಾಗೆಯೇ ತೆಗೆದು ಅಣಕಿಸಿ ತೋರಿಸುವುದು ನನ್ನ ಚಟ. ಹಳಿಯಾಳ ಬಸ್ಸಿನ ಕಂಡಕ್ಟರ್, ಕಾಲೇಜಿನ ಪ್ರಿನ್ಸಿಪಾಲರು, ಪರೀಕ್ಷೆಯಲ್ಲಿ ಬೆವರುವ ನಾನು, ಯಾರನ್ನೂ ಬಿಟ್ಟಿಲ್ಲ.

ಒಂದು ರವಿವಾರ ಅಕ್ಕನ ಅಂಗಳದಲ್ಲಿ ಊರಿನ ಅಂಗನವಾಡಿ ಅಕ್ಕೋರ ದನಿ ಹಿಡಿದೆ. ನನಗೂ ಕಲಿಸಿದ ಟೀಚರು. ಟವೆಲನ್ನೇ ಸೆರಗು ಮಾಡಿ ಮೂಗಿನಲ್ಲಿ ಶುರು ಮಾಡಿದೆ: "ಕೈ ತೊಳ್ಕೊಳ್ರಿ! ಸಾಲಾಗಿ ಕುಂದರ್ರಿ! ಉಪ್ಪಿಟ್ಟು ತಿಂದು ಸುಮ್ನ ಮಲಕೋರಿ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗು ಇನ್ನೂ ಏರಲಿ ಎಂದು, "ಅಕ್ಕೋರು ನಮಗ ಮತ್ತೇನೂ ಕಲಿಸಿಲ್ಲ ಬಿಡ್ರಿ" ಎಂದೆ.

ಅಕ್ಕ ನಗು ನಿಲ್ಲಿಸಿದಳು. "ಹಂಗಾದ್ರ ಕೂಲಿಗೆ ಹೋಗೋ ಗದ್ದಲದಾಗ ಇಕಿನ್ನ ಅಷ್ಟು ದೂರ ಯಾಕ ಒಯ್ಯಬೇಕು? ಉಂಡು ಮಲಗೂದು ಮನ್ಯಾಗೂ ಆಗ್ತೈತಿ." ಮರುದಿನದಿಂದ ಹುಡುಗಿ ಮನೆಯಲ್ಲೇ.

ನನ್ನ ತಮಾಷೆ ನನಗೇ ತಿರುಗಿಬಿತ್ತು. ನಮ್ಮ ಸಿದ್ದಿ ಜನರ ಮನೆಗಳಲ್ಲಿ ಮಾತು ಕೊಂಕಣಿ. ಅಕ್ಕ ಚಿಕ್ಕವಳಿದ್ದಾಗ ಊರಲ್ಲಿ ಅಂಗನವಾಡಿ ಇರಲಿಲ್ಲ. ನೇರ ಒಂದನೇ ತರಗತಿಗೆ ಹೋದಳು. ಮಾಸ್ತರರ ಕನ್ನಡ ತಿಳಿಯದೆ ಹಿಂದಿನ ಸಾಲಿನಲ್ಲೇ ಉಳಿದು, ನಾಲ್ಕನೆಯದಕ್ಕೆ ಶಾಲೆ ಬಿಟ್ಟಳು. ಈಗ ಕೂಲಿಗೆ ಹೋಗಿ ಹೋಗಿ ಅವಳ ಕನ್ನಡ ನನ್ನದಕ್ಕಿಂತ ಜೋರು, ಆ ಮಾತು ಬೇರೆ. ನನ್ನ ಹೊತ್ತಿಗೆ ಅಂಗನವಾಡಿ ಬಂದಿತ್ತು; ಅಲ್ಲಿ ಅಕ್ಕೋರು ಅಂದದ್ದನ್ನೆಲ್ಲ ಅವರ ದನಿಯಲ್ಲೇ ಅನ್ನುತ್ತಿದ್ದೆ. ಅವರು ಬೈಯುತ್ತಿರಲಿಲ್ಲ, "ಇನ್ನೊಮ್ಮೆ ಹೇಳು" ಎನ್ನುತ್ತಿದ್ದರು. ಅರ್ಥ ಆಮೇಲೆ ಬಂತು. ಶಾಲೆಗೆ ಹೋಗುವಷ್ಟರಲ್ಲಿ ಬಾಯಿ ತುಂಬ ಕನ್ನಡವಿತ್ತು. ಎಸ್ಸೆಸ್ಸೆಲ್ಸಿ, ಪಿಯುಸಿ, ಈಗಿನ ಬಿ.ಎ., ಎಲ್ಲ ನನ್ನ ಬುದ್ಧಿಯಿಂದಲೇ ಎಂದುಕೊಂಡಿದ್ದೆ. ಆದರೆ ಬುದ್ಧಿಯಲ್ಲಿ ಅಕ್ಕ ನನಗಿಂತ ಯಾವತ್ತೂ ಒಂದು ಕೈ ಮೇಲೆ; ಅವಳಿಗೆ ಸಿಗದೆ ನನಗೆ ಸಿಕ್ಕಿದ್ದು ಅಂಗನವಾಡಿ ಒಂದೇ.

ಇದನ್ನೆಲ್ಲ ಅವಳಿಗೆ ಹೇಳಿದೆ. "ಏ ಮಂಗ್ಯಾ, ಈಗ ಯಾರ ದನಿ ತಗಿಯಾಕತ್ತಿ?" ಎಂದಳು. ನಂಬಲಿಲ್ಲ. "ಬಾ, ಅಕ್ಕೋರ ಮುಂದನ ತಪ್ಪು ಒಪ್ಕೋತೇನಿ" ಎಂದು ಮಗುವನ್ನು ಎತ್ತಿಕೊಂಡು, ಅವಳನ್ನೂ ಎಳೆದುಕೊಂಡು ಅಂಗನವಾಡಿಗೆ ಹೋದೆ.

ಅಕ್ಕೋರು ಎಲ್ಲ ಕೇಳಿಕೊಂಡು, "ಅಲ್ಲೇನ್ ಮಾಡಿದ್ಯೋ ಇಲ್ಲೂ ಮಾಡು" ಎಂದರು. "ಕೈ ತೊಳ್ಕೊಳ್ರಿ" ಎಂದೊಡನೆ ಮಕ್ಕಳು ಬಕೆಟ್ಟಿನತ್ತ ಓಡಿದರು. "ಸಾಲಾಗಿ ಕುಂದರ್ರಿ" ಎಂದೆ; ಚಾಪೆಯ ಮೇಲೆ ಸಾಲು. ಅಕ್ಕನ ಮಗಳೂ ನನ್ನ ಸೊಂಟದಿಂದ ಜಾರಿ ಅದರಲ್ಲಿ ಸೇರಿಕೊಂಡಳು. ನನ್ನ ಬಾಯಿ ತಾನಾಗಿಯೇ ಮುಂದುವರಿಯಿತು: ಬಣ್ಣಗಳು, ವಾರಗಳು, ಒಂದರಿಂದ ಇಪ್ಪತ್ತು, ಎಲ್ಲ ಅವರದೇ ದನಿಯಲ್ಲಿ, ಅವರದೇ ಕ್ರಮದಲ್ಲಿ.

ಅಕ್ಕೋರು ನನ್ನನ್ನೇ ನೋಡುತ್ತ ನಿಂತಿದ್ದರು.

"ಹದಿನೈದು ವರ್ಷ ಆತು, ಒಂದು ಮಾತೂ ಮರ್ತಿಲ್ಲಲ್ಲೋ. ಮತ್ತ ನಾ ಏನೂ ಕಲಿಸಿಲ್ಲಂತ ಯಾವ ಬಾಯಿಲೆ ಹೇಳಿದಿ?"