ಅಂಗೈಗೆ ಬಿದ್ದ ಕೆಂಪು ನೀರು

ನಾನು ಮೆಚ್ಚಿದ್ದ ಏರ್ ಕಂಪ್ರೆಸರ್ ಮುಂದೆ ಹಿರಿಯರೊಬ್ಬರು ಕುಕ್ಕರಗಾಲಲ್ಲಿ ಕುಳಿತು, ಟ್ಯಾಂಕಿನ ತಳದಲ್ಲಿದ್ದ ಪುಟ್ಟ ನಲ್ಲಿ ತಿರುಗಿಸಿದರು. ಅವರ ಅಂಗೈಗೆ ಬಿದ್ದದ್ದು ಇಟ್ಟಿಗೆ ಬಣ್ಣದ ನೀರು. ಗಾಳಿ ತುಂಬುವ ಟ್ಯಾಂಕಿನಲ್ಲಿ ನೀರೇಕೆ ಎಂದು ಕೇಳಿದೆ.

“ಗಾಳಿಲಿರೋ ಪಸೆ ಸಾ, ತಳದಲ್ಲಿ ನಿಂತ್ಕತದೆ. ದಿನಾ ಬಿಡ್ದಿದ್ರೆ ಒಳಗೇ ತುಕ್ಕು ತಿಂತದೆ. ಬಣ್ಣ ಮೇಲ್ಗಡೆ ಬಳ್ದವ್ರೆ, ಅಷ್ಟೆ.”

ಇದು ತೊಂಬತ್ತರ ದಶಕದ ಕೊನೆಯಲ್ಲಿ, ನಂಜನಗೂಡಿನ ಹಳೆ ಯಂತ್ರಗಳ ಅಂಗಡಿಯೊಂದರಲ್ಲಿ ನಡೆದದ್ದು. ಮನೆಯ ಶೆಡ್ಡಿನಲ್ಲಿ ಸ್ಕೂಟರ್ ರಿಪೇರಿ ಮಾಡಿಕೊಳ್ಳಲು ನನಗೊಂದು ಕಂಪ್ರೆಸರ್ ಬೇಕಿತ್ತು. ಆ ಹಿರಿಯರು ಹುಲ್ಲಹಳ್ಳಿಯ ಪಂಕ್ಚರ್ ಅಂಗಡಿಯ ಬಸಣ್ಣ. ಪೈಪು ಕೊಳ್ಳಲು ಬಂದಿದ್ದರು.

“ಏನ್ ಬಸಣ್ಣ, ನನ್ ಗಿರಾಕಿನ ಓಡುಸ್ತಿದ್ದೀಯಲ್ಲ” ಎಂದು ಅಂಗಡಿಯವನು ನಕ್ಕ.

ಬಸಣ್ಣ ಕತ್ತು ತಿರುಗಿಸಿ ಇನ್ನೊಂದು ಕಿವಿ ಕೊಟ್ಟರು. “ಈ ಕಡೆಯಿಂದ ಮಾತಾಡಪ್ಪ. ಆ ಕಿವಿ ಇಂಥದೇ ತುಕ್ಕಿಡ್ದ ಟ್ಯಾಂಕು ಸಿಡ್ದಾಗ ಓಯ್ತು.”

ಅಂಗಡಿಯವನ ನಗು ನಿಂತಿತು. ಆ ಯಂತ್ರವನ್ನು ತಾನೇ ಮೂಲೆಗೆ ಎಳೆದಿಟ್ಟ. ನಾನು ಕೊಂಡದ್ದು ಬಣ್ಣ ಮಾಸಿದ್ದರೂ ತಿಳಿನೀರು ಬಿಟ್ಟ ಇನ್ನೊಂದನ್ನು.

ಇಂದಿಗೂ ಕೆಲಸ ಮುಗಿದ ಮೇಲೆ ಟ್ಯಾಂಕಿನ ನೀರನ್ನು ಅಂಗೈಗೆ ಬಿಟ್ಟುಕೊಳ್ಳುತ್ತೇನೆ. ಬೆಳಕಿಗೆ ಹಿಡಿದು ಅದರ ಬಣ್ಣ ನೋಡದೆ ಶೆಡ್ಡಿನ ಬಾಗಿಲು ಹಾಕುವುದಿಲ್ಲ.